ಹೊತ್ತು ಕಂತುವ ಮೊದಲು

ಅರಗು ಸುಟ್ಟ ವಾಸನೆ, ತಾಲೂಕು ಕಚೇರಿಯ ಒಳಗೆ ಯಾರೋ ಲಕೋಟೆಗೆ ಮೊಹರು ಒತ್ತುತ್ತಿರಬೇಕು — ಖಾಕಿ ಸುಟ್ಟ ವಾಸನೆ ಹೀಗಿರುವುದಿಲ್ಲ, ಅದಕ್ಕೆ ಬೆವರಿನ ಕಮಟು ಉಂಟು, ಯುದ್ಧದಿಂದ ನಾನು ಮರಳಿದ ದಿನ ಅಮ್ಮ ಬಚ್ಚಲ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ನನ್ನ ಅಂಗಿಯನ್ನು ಕೋಲಿನಿಂದ ಬೆಂಕಿಗೆ ದೂಡುತ್ತಿದ್ದಾಳೆ, ಅಣ್ಣ ತೆಂಗಿನ ಒಣ ಮಡಲು ತಂದು ಕೊಡುತ್ತಿದ್ದಾನೆ, ನಾನು ಅಂಗಳದಲ್ಲಿ ತುಂಡು ಪಂಚೆ ಸುತ್ತಿಕೊಂಡು ನಿಂತಿದ್ದೇನೆ, ಅಮ್ಮಾ, ಕಿಸೆಯಲ್ಲಿ ಪಲ್ಟನ್ನಿನ ಬಿಡುಗಡೆ ಕಾಗದ ಉಂಟು — ಹೋಗಲಿ ಮಗಾ, ಅಲ್ಲಿಯದ್ದು ಒಂದೂ ಬೇಡ, ನೀನು ಬೊಂಬಾಯಿಯಲ್ಲಿದ್ದೆ, ಗಿರಣಿಯಲ್ಲಿ, ಬೆರಳು ಯಂತ್ರಕ್ಕೆ ಸಿಕ್ಕಿದ್ದು, ಯಾರು ಕೇಳಿದರೂ ಅಷ್ಟೇ ಹೇಳು. ಪಾಪ, ಅವಳಾದರೂ ಏನು ಮಾಡಿಯಾಳು. ಬಸದಿಯಲ್ಲಿ ಪೂಜೆ ಮಾಡುವ ಇಂದ್ರರ ಮನೆಯ ಹುಡುಗ ಯುದ್ಧಕ್ಕೆ ಹೋದ, ಕಂಡದ್ದನ್ನೆಲ್ಲ ತಿಂದು ಬಂದ ಎಂದು ಮೂಡುಬಿದಿರೆಯಲ್ಲಿ ಸುದ್ದಿಯಾದರೆ ಅಣ್ಣನ ಕೈಯಿಂದ ಅಭಿಷೇಕದ ಕಲಶವೇ ಹೋಗುತ್ತಿತ್ತು. ಏನು ತಿಂದೆ ಎಂದು ಮಾತ್ರ ಇಷ್ಟು ವರ್ಷ ಒಬ್ಬರೂ ನನ್ನನ್ನು ಕೇಳಲಿಲ್ಲ.

ಅಣ್ಣ ಕಚೇರಿಯ ಬೆಂಚಿನ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ, ನಡುವೆ ಅವನ ಬುತ್ತಿಯ ಗಂಟು. ಬೆಳಗ್ಗೆ ಮೂಡುಬಿದಿರೆಯಲ್ಲಿ ನನ್ನ ಜತೆ ಬಸ್ಸು ಹತ್ತಿದ, ಸಾಕ್ಷಿಗೆ ಬಾ ಎಂದು ತಾಲೂಕು ಕಚೇರಿಯಿಂದ ಕರೆ ಬಂದದ್ದಕ್ಕೆ ಬಂದಿದ್ದಾನೆ, ಅಷ್ಟೇ. ಪಲ್ಟನ್ನಿನ ಹಳೆಯ ದಾಖಲೆ ಸಿಗುವುದಿಲ್ಲವಂತೆ, ಊರಿನ ಮರ್ಯಾದಸ್ಥರೊಬ್ಬರು ತಹಶೀಲ್ದಾರರ ಮುಂದೆ ಹೌದು, ಇವನು ಯುದ್ಧಕ್ಕೆ ಹೋಗಿದ್ದ ಎಂದರೆ ಗಾಯದ ಪಿಂಚಣಿ ಆಗುತ್ತದಂತೆ — ಗೊತ್ತಿದ್ದದ್ದು ಇಬ್ಬರಿಗೆ, ಅಮ್ಮ ಹೋದಳು, ಉಳಿದವನು ಇವನೊಬ್ಬ. ಮೂರು ಬೆರಳಿನ ಬಲಗೈಗೆ ಯಾರು ಕೆಲಸ ಕೊಡುತ್ತಾರೆ ಮಾರಾಯ, ಅಣ್ಣನ ಚಾವಡಿಯ ಮೂಲೆಯಲ್ಲಿ ಬಿದ್ದುಕೊಂಡು ಅವನ ಅನ್ನ ಉಣ್ಣುವುದು, ಗಂಜಿ ಬೆರಳಸಂದಿಯಿಂದ ಸೋರುತ್ತದೆಂದು ನನಗೆ ಮಾತ್ರ ಗಟ್ಟಿಯಾಗಿ ಬಡಿಸುವವಳು ಅಣ್ಣನ ಮಗಳು ಅನಂತಮತಿ, ಅವಳಿಗೆ ಮುಂಡಾಜೆಯ ಕಡೆಯಿಂದ ಸಂಬಂಧ ಕೂಡಿಬಂದಿದೆ, ಬರುವ ತಿಂಗಳು ಮದುವೆ, ಬೀಗರಿಗೂ ನಾನು ಬೊಂಬಾಯಿಯ ಚಿಕ್ಕಪ್ಪ. ಪಿಂಚಣಿಯಾದರೆ ಒಂದು ಕೋಣೆ ಹಿಡಿದು ನನ್ನದೇ ಅನ್ನ ಬೇಯಿಸುತ್ತೇನೆ, ಅದಕ್ಕೂ ಮೊದಲು ವಿಟ್ಲಕ್ಕೆ ಹೋಗುತ್ತೇನೆ, ಪಲ್ಟನ್ನಿನಲ್ಲಿ ಜತೆಗಿದ್ದ ಉಮ್ಮರನ ಹೆಂಡತಿ ಖತೀಜಮ್ಮನ ಮುಂದೆ ನಿಂತು ಅವನ ಸಾವು ಹೇಳಬೇಕು. ಒಮ್ಮೆ ಹೋಗಿದ್ದೆ, ಬಸ್ಸಿಳಿದೆ, ಖತೀಜಮ್ಮನ ಮನೆ ಕೇಳಿದೆ, ಜಗಲಿ ಕಾಣುವವರೆಗೂ ನಡೆದೆ, ಬೊಂಬಾಯಿ ಗಿರಣಿಯವನಿಗೆ ಬರ್ಮಾದ ಸಾವು ಹೇಗೆ ಗೊತ್ತು ಎಂದು ಕೇಳಿದರೆ — ತಿರುಗಿ ಬಂದೆ.

ಉಮ್ಮರ್. ಬರ್ಮಾದ ಗಡಿಯಲ್ಲಿ ಗುಡ್ಡ ಕಡಿದು ರಸ್ತೆ ಮಾಡುವ ಪಡೆ ನಮ್ಮದು, ಆ ಕೆಸರಿನಲ್ಲಿ ನನ್ನ ಜತೆ ತುಳು ಮಾತಾಡುತ್ತಿದ್ದವನು ಅವನೊಬ್ಬನೇ. ಡಬ್ಬಿಯ ಮಾಂಸ ಬಂದಾಗ ನಗುತ್ತಿದ್ದ, ಇಂದ್ರರೇ, ಇದು ನಿಮಗೂ ಆಗುವುದಿಲ್ಲ, ಹಲಾಲ್ ಅಲ್ಲದ್ದು ನನಗೂ ಆಗುವುದಿಲ್ಲ, ಆಚೆ ಡೇರೆಯವರಿಗೆ ಕೊಟ್ಟು ಬೇಳೆ ತರುವ. ನಮ್ಮ ಜೈನರ ನೇಮದಂತೆ ನಾನು ಕತ್ತಲಾದ ಮೇಲೆ ಉಣ್ಣುವುದಿಲ್ಲವೆಂದು ನನಗಿಂತ ಅವನಿಗೇ ಗಡಿಬಿಡಿ, ಮೋಡ ಕವಿದರೂ ಆಕಾಶ ನೋಡುತ್ತಾನೆ, ಹೊತ್ತು ಕಂತುತ್ತದೆ, ಉಣ್ಣಿ ಇಂದ್ರರೇ. ರಂಜಾನಿನಲ್ಲಂತೂ ಇಬ್ಬರದೂ ಚೆಂದ, ನಿಮ್ಮ ಹೊತ್ತು ಮುಗಿಯುವಾಗ ನನ್ನ ಹೊತ್ತು ಶುರು ಎನ್ನುತ್ತಿದ್ದ. ಆ ದಿನವೂ ನನಗೆ ಬಡಿಸಿ, ತನ್ನ ತಟ್ಟೆ ತುಂಬಿಸಿ ಮುಂದಿಟ್ಟುಕೊಂಡು ಸೂರ್ಯನನ್ನು ಕಾಯುತ್ತಿದ್ದ, ಇನ್ನೇನು ಮುಳುಗಬೇಕು, ಫಿರಂಗಿಯ ಶೆಲ್ಲು ಬಿತ್ತು — ನನ್ನ ಬೆರಳು ಹೋದದ್ದು ನನಗೆ ಗೊತ್ತಾಗಲಿಲ್ಲ, ಅವನು ಮಗ್ಗುಲಾಗಿ ಮಲಗಿದ್ದ, ತಟ್ಟೆ ಇಟ್ಟಲ್ಲೇ ಇತ್ತು, ಬೇಳೆ ಅಂಚಿನವರೆಗೆ ತುಂಬಿ, ಒಂದು ಹನಿ ಚೆಲ್ಲದೆ.

ಪದ್ಮರಾಜ ಇಂದ್ರ ಯಾರು, ಸಾಕ್ಷಿಯನ್ನೂ ಕರೆದುಕೊಂಡು ಬನ್ನಿ. ಜವಾನ ಶೇಷಪ್ಪ ಬಾಗಿಲಲ್ಲಿ. ಸಂಜೆಯಾಗುತ್ತಾ ಬಂತು, ಈಗ ಕರೆಯುತ್ತಾರೆ. ತಹಶೀಲ್ದಾರರು ಒಳ್ಳೆಯ ಮನುಷ್ಯ, ಅಣ್ಣನಿಗೆ ಕುರ್ಚಿ ಕೊಡಿಸಿದರು, ಪೂಜೆ ಮಾಡುವವರು ನೀವು, ಪ್ರಮಾಣದ ಮೇಲೆ ಹೇಳಿ, ಯುದ್ಧದ ವರ್ಷಗಳಲ್ಲಿ ನಿಮ್ಮ ತಮ್ಮ ಎಲ್ಲಿದ್ದರು. ಅಣ್ಣ ನನ್ನ ಮುಖ ನೋಡಲಿಲ್ಲ, ನನ್ನ ಕೈ ನೋಡಿದ, ಹೇಳು ಅಣ್ಣಾ, ನೀನೇ ಅಲ್ಲವಾ ಮಡಲು ತಂದದ್ದು — ಬೊಂಬಾಯಿಯಲ್ಲಿದ್ದ ಸ್ವಾಮಿ, ಗಿರಣಿಯಲ್ಲಿ, ಎಂದ. ತಹಶೀಲ್ದಾರರು ನನ್ನ ಕಡೆ ತಿರುಗಿ, ಏನಪ್ಪಾ, ಅಣ್ಣ ಹೇಳುವುದು ಸರಿಯಾ. ಸುಳ್ಳು ಎಂದರೆ, ಸುಳ್ಳು ಪ್ರಮಾಣ ಮಾಡಿದ ಇಂದ್ರರ ಮಗಳನ್ನು ಮುಂಡಾಜೆಯವರು ಒಳಗೆ ಕರೆದುಕೊಳ್ಳುತ್ತಾರಾ, ಅನಂತಮತಿಯ ದನಿ, ಚಿಕ್ಕಪ್ಪಾ, ಗಂಜಿ ಸಾಕಾ ಇನ್ನಷ್ಟು ಹಾಕಲಾ. ಸರಿ ಸ್ವಾಮಿ, ಅಣ್ಣ ಹೇಳಿದ್ದು ಸರಿ — ನನ್ನದೇ ಬಾಯಿ. ಹಾಗಾದರೆ ಉಮ್ಮರನ ಪಕ್ಕದಲ್ಲಿ ಯಾರೂ ಇರಲಿಲ್ಲ. ಒಬ್ಬನೇ ಸತ್ತ ಅವನು.

ಕಚೇರಿಯ ಮೆಟ್ಟಿಲು, ಬಿಸಿಲು ಹುಣಸೆಮರದ ತುದಿಗೆ ಏರಿದೆ, ಅಣ್ಣನಿಗೆ ಬುತ್ತಿಯ ಗಂಟು ಬಿಚ್ಚಲು ಬರುತ್ತಿಲ್ಲ, ಹಲ್ಲಿನಿಂದ ಎಳೆದು ಬಿಚ್ಚಿದ, ಬಾಳೆಲೆಯಲ್ಲಿ ಅವಲಕ್ಕಿ, ಎರಡು ಪಾಲು ಮಾಡಿ ದೊಡ್ಡದನ್ನು ನನ್ನ ಕಡೆಗೆ ದೂಡಿದ, ಮೂಡುಬಿದಿರೆ ಮುಟ್ಟುವಾಗ ಕತ್ತಲಾಗುತ್ತದೆ ತಮ್ಮಾ, ಹೊತ್ತು ಕಂತುತ್ತದೆ, ಉಣ್ಣು — ಉಣ್ಣು ಎನ್ನುತ್ತಾನೆ, ಕಣ್ಣೊರೆಸಿಕೊಂಡು ಮತ್ತೆ ಉಣ್ಣು ಎನ್ನುತ್ತಾನೆ, ಕೈ ಎತ್ತಬೇಕು, ಏಳುವುದಿಲ್ಲ, ಬೆಳಕು ಮರದ ತುದಿಯಿಂದಲೂ ಹೋಯಿತು, ಉಣ್ಣಿ ಇಂದ್ರರೇ, ಅವನ ತಟ್ಟೆ, ಅಂಚಿನವರೆಗೆ ಬೇಳೆ, ಒಂದು ಹನಿ ಚೆಲ್ಲಲಿಲ್ಲ, ಹೊತ್ತು ಕಂತಿತು ಉಮ್ಮರ್, ಈಗ ನಿನ್ನ ಹೊತ್ತು, ತಟ್ಟೆ ತುಂಬಿದೆ, ತಟ್ಟೆ ಹಾಗೇ ಇದೆ