ಎಡಗೈಯವರಿಗೆ ಮಾತ್ರ

ಪುಡಿಯಿಂದ ಏನೂ ಆಗಲಿಲ್ಲ. ಇಷ್ಟು ಹೇಳಲು ಲೆಕ್ಕದಕ್ಕನಿಗೆ ಎರಡು ವರ್ಷ ಬೇಕಾಯಿತು, ಕೇಳಲು ನಿರ್ದೇಶಕರಿಗೆ ಎರಡು ನಿಮಿಷ ಪುರುಸೊತ್ತಿರಲಿಲ್ಲ. ಆ ಆಹಾರ ಸಂಶೋಧನಾ ಕೇಂದ್ರದಲ್ಲಿ ಅಂಕಿಅಂಶ ನೋಡುವವಳು ಅವಳೊಬ್ಬಳೇ, ಅದಕ್ಕೇ ಆ ಹೆಸರು. ಸಕ್ಕರೆ ಕಾಯಿಲೆಯವರಲ್ಲಿ ಅರ್ಧ ಜನಕ್ಕೆ ಕೇಂದ್ರವೇ ತಯಾರಿಸಿದ ಬೀಜದ ಪುಡಿ, ಇನ್ನರ್ಧಕ್ಕೆ ಅದೇ ಬಣ್ಣದ ಹುಸಿ ಪುಡಿ ಕೊಟ್ಟಿದ್ದರು. ಕೊನೆಗೆ ರಕ್ತ ನೋಡಿದರೆ ಎರಡು ಗುಂಪಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಮನೆಯಲ್ಲಿ ಅಮ್ಮನಿಗೂ ಅದೇ ಕಾಯಿಲೆ. ಬೆಳಗಾದರೆ ಮಾತ್ರೆಯನ್ನು ಎಡಗೈಯಲ್ಲಿ ಹಿಡಿದುಕೊಂಡು ರಾಗ ತೆಗೆಯುತ್ತಿದ್ದರು. "ನಿಮ್ಮ ಪುಡಿ ಯಾವಾಗ ಬರುತ್ತೆ? ಈ ದರಿದ್ರ ಮಾತ್ರೆ ಬಿಟ್ಟು ಬದುಕ್ತೀನಿ." ಕಾಲಿನ ಹುಣ್ಣು ಆಗತಾನೇ ಮಾಯುತ್ತಿತ್ತು. ಮಾತ್ರೆ ಬಿಟ್ಟರೆ ಕಾಲೇ ಹೋದೀತು ಎಂದು ವೈದ್ಯರು ಹೇಳಿದ್ದು ಮಗಳಿಗೆ ನೆನಪಿತ್ತು, ಅಮ್ಮನಿಗಿರಲಿಲ್ಲ.

"ಇನ್ನೊಂದ್ಸಲ ನೋಡಮ್ಮ," ಎಂದರು ನಿರ್ದೇಶಕರು. "ಎಲ್ಲರಿಗೂ ಅಲ್ಲದಿದ್ರೂ ಯಾರಿಗೋ ಕೆಲಸ ಮಾಡೇ ಇರುತ್ತೆ. ದಪ್ಪಗಿರೋರು, ತೆಳ್ಳಗಿರೋರು, ಹೀಗೆ ಬಿಡಿಸಿ ಬಿಡಿಸಿ ನೋಡು."

"ಬಿಡಿಸ್ತಾ ಹೋದ್ರೆ ಈರುಳ್ಳಿ ಸರ್. ಕೊನೆಗೆ ಉಳಿಯೋದು ಕಣ್ಣೀರೇ."

ಅವರಿಗೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ತಿಂಗಳಿಂದ ಕೋಣನ ಮುಂದೆ ಕಿನ್ನರಿ ಬಾರಿಸಿ ಅವಳಿಗೂ ಸಾಕಾಗಿತ್ತು. ಮೈಯೆಲ್ಲ ಉರಿದು, ಕೋಣೆಯ ಬಾಗಿಲು ಹಾಕಿಕೊಂಡು, ಜನರನ್ನು ಇಪ್ಪತ್ತು ಬಗೆಯಾಗಿ ಒಡೆದಳು: ಕನ್ನಡಕದವರು, ಗೊರಕೆಯವರು, ಬೆಕ್ಕು ಸಾಕಿದವರು. ಪುಡಿಯ ಬದಲು ಮಣ್ಣು ತಿನ್ನಿಸಿದ್ದರೂ ಇಷ್ಟು ಗುಂಪುಗಳಲ್ಲಿ ಒಂದಾದರೂ ಅದೃಷ್ಟದಿಂದ ಗೆದ್ದಂತೆ ಕಾಣುತ್ತದೆ. ಆ ಒಂದನ್ನು ಅವರ ಮೇಜಿನ ಮೇಲೆ ಕುಕ್ಕಿದರೆ ನಾಚಿಕೆಯಾದರೂ ಆದೀತು ಎಂದು ಅವಳ ಎಣಿಕೆ. ಗೆದ್ದದ್ದು ಎಡಗೈಯವರ ಗುಂಪು.

"ನೋಡಿ ಸರ್, ಎಡಚರಿಗೆ ಮಾತ್ರ ಸಕ್ಕರೆ ಇಳಿದಿದೆ. ಯಾವ ಕೈಯಲ್ಲಿ ತಿಂದ್ರು ಅಂತ ಪುಡಿಗೆ ಗೊತ್ತಾಗಿಬಿಟ್ಟಿದೆ."

ನಿರ್ದೇಶಕರು ನಗದೆ ಹಾಳೆಯ ಮೇಲಿನ ಅಂಕಿಗೆ ಬೆರಳಿಟ್ಟರು. "ಬರೀ ಅದೃಷ್ಟದಿಂದ ಹೀಗೆ ಬರೋ ಸಂಭವ ನೂರಕ್ಕೆ ಮೂರೇನಾ?"

"ಒಂದೇ ಸಲ ನೋಡಿದ್ರೆ ಮೂರು. ಇಪ್ಪತ್ತು ಕಲ್ಲು ಬೀಸಿ ಒಂದು ಹಣ್ಣು ಕೆಡವಿದೋನನ್ನ ಗುರಿಕಾರ ಅಂತಾರಾ?"

"ಹಣ್ಣು ಬಿತ್ತಲ್ಲ," ಎಂದರು ಅವರು, ಹಾಳೆಯನ್ನು ಮಡಚಿ ಜೇಬಿಗಿಡುತ್ತ.

ಅದು ತಮಾಷೆಗೆ ಮಾಡಿದ್ದು ಎಂದು ಅವಳು ಬರೆದು ಕೊಟ್ಟಳು. ಎದುರು ನಿಂತು ಹೇಳಿದಳು, ಜಗಳವನ್ನೂ ಆಡಿದಳು. ಆದರೂ ಕೇಂದ್ರ ಹೊರಡಿಸಿದ ವರದಿಯಲ್ಲಿ ಸೋತ ಹತ್ತೊಂಬತ್ತು ಗುಂಪುಗಳ ಸುದ್ದಿಯೇ ಇರಲಿಲ್ಲ. ನಿರ್ದೇಶಕರು ಟೀವಿಯಲ್ಲಿ ಕೂತು, ಎಡಗೈಯವರ ಮೆದುಳೇ ಬೇರೆ ಎಂದು ಗಂಭೀರವಾಗಿ ವಿವರಿಸಿದರು. ಮರುದಿನವೇ ಪುಡಿಯ ಡಬ್ಬಿಗಳು ಅಂಗಡಿಗೆ ಬಂದವು. ತಾನು ಹೊಡೆದ ಕಲ್ಲು ತನ್ನ ಮನೆಯ ಕಡೆಗೇ ಬರುತ್ತಿದೆ ಎಂದು ಅವಳಿಗೆ ಆಗಲೂ ಹೊಳೆಯಲಿಲ್ಲ. ಸಿಟ್ಟು ಬಂದಾಗ ಅಷ್ಟು ದೂರ ಯಾರಿಗೆ ಕಾಣುತ್ತದೆ.

ಒಂದು ವಾರದ ನಂತರ ಸಂಜೆ ಮನೆಗೆ ಬಂದಾಗ ಅಮ್ಮ ಅಡುಗೆಮನೆಯಲ್ಲಿ ನೀರಿಗೆ ಪುಡಿ ಕಲಸುತ್ತಿದ್ದರು. ಡಬ್ಬಿ ಆಗಲೇ ಅರ್ಧ ಖಾಲಿ. ಕಾಲಿಗೆ ಹೊಸದಾಗಿ ಬಟ್ಟೆ ಸುತ್ತಿತ್ತು.

"ಮಾತ್ರೆ ಎಲ್ಲಮ್ಮ?"

"ಬಿಸಾಕ್ದೆ. ಚಿಕ್ಕೋಳಿದ್ದಾಗ ಈ ಕೈಗೆ ಎಷ್ಟು ಏಟು ತಿಂದಿದೀನಿ ಗೊತ್ತಾ? ಎಡಚಿ ಎಡಚಿ ಅಂತ ಊರೆಲ್ಲ ಆಡಿಕೊಳ್ತು. ಕೊನೆಗೂ ಈ ಕೈಗೊಂದು ಮರ್ಯಾದೆ ಬಂತು."

"ಅದು ಸುಳ್ಳಮ್ಮ. ನಿಜವಾಗಲೂ ಸುಳ್ಳು. ಆ ಲೆಕ್ಕ ಮಾಡಿದ್ದೇ ನಾನು."

ಅಮ್ಮ ಮಗಳ ಮುಖವನ್ನು ಹೆಮ್ಮೆಯಿಂದ ನೋಡಿದರು.

"ನೀನೇ ಮಾಡಿದ್ದಾ? ಮತ್ತೆ ಸುಳ್ಳು ಹೇಗಾಗುತ್ತೆ?" ಎನ್ನುತ್ತ ಎಡಗೈಯಿಂದ ಇನ್ನೊಂದು ಚಮಚ ಹಾಕಿಕೊಂಡರು.