ದಾಳಿಂಬೆ ಕಡ್ಡಿಯ ಬುಡ

ಮತ್ತೆ ಮಣ್ಣು ಸಡ್ಲ ಆಗೈತೆ, ನಾನು ಕಡ್ಡಿ ನೆಟ್ಟು ಅದುಮಿದ ಸಸಿ ಕವರ್ ಹಿಂಗಿರಲ್ಲ, ನನ್ನ ಹೆಬ್ಬೆಟ್ಟು ಒತ್ತಿದ ಕಡೆ ಗುಳಿ ಬಿದ್ದಿರ್ತೈತೆ, ಇಲ್ಲಿ ಗುಳಿ ಇಲ್ಲ, ಯಾರೋ ಕೈ ಆಡಿಸವ್ರೆ — ಯಾರೋ ಏನು ಬಂತು, ಅವಳೇ, ಬೆನ್ನ ಹಿಂದಿನ ಸಾಲಲ್ಲಿ ಕುಂತಿರೋ ಗಂಗಾ, ನಮ್ಮ ಮೈದುನನ ಹೆಂಡ್ತಿ, ನನ್ನ ವಾರಗಿತ್ತಿ, ಒಂದೇ ಹಟ್ಟಿಯಿಂದ ಒಂದೇ ಲಗೇಜ್ ಆಟೋದಾಗೆ ಮೊಣಕಾಲಿಗೆ ಮೊಣಕಾಲು ತಾಗಿಸ್ಕಂಡು ಹೊಸದುರ್ಗದ ರಸ್ತೆಗಿರೋ ಈ ನರ್ಸರಿಗೆ ಬರ್ತೀವಿ, ಮಾತಿಲ್ಲ, ಕುರಿ ಪಾಲಾದ ವರ್ಷದಿಂದ ಮಾತಿಲ್ಲ, ಹಿರೇ ಟಗರು ಯಾರಿಗೆ ಅನ್ನೋದಕ್ಕೆ ಅಣ್ಣ ತಮ್ಮ ಬೈದಾಡಿದ್ರು, ಅವರಿಬ್ಬರೂ ಮಾರನೇ ತಿಂಗಳೇ ಒಂದೇ ಬೀಡಿ ಹಂಚ್ಕಂಡು ಸೇದಿದ್ರು, ಮಾತು ಬಿಟ್ಟೋರಾಗಿ ಉಳ್ಕಂಡಿದ್ದು ನಾವು ಹೆಂಗಸರೇ. ಏನಾದ್ರೂ ಬೇಕಾದ್ರೆ ಗಾಳಿಗೆ ಹೇಳ್ತೀವಿ, ಕಡ್ಡಿ ನೆನೆಸೋ ಔಷಧಿ ನೀರು ಮುಗೀತು ಅಂತ ನಾನು ಗಾಳಿಗೆ ಹೇಳಿದ್ರೆ ಅವಳು ಎದ್ದು ಬಕೀಟು ತರ್ತಾಳೆ, ನನ್ನ ಪಕ್ಕ ಇಟ್ಟು ಹೋಗ್ತಾಳೆ. ಅಷ್ಟೇ.

ಅಯ್ಯಪ್ಪ ಸೊಂಟ, ಬಗ್ಗಿದ್ದು ಬಗ್ಗಿದಂಗೇ ಕುಂತ್ಬಿಟ್ಟೈತೆ, ಹಸಿರು ಪರದೆ ಕೆಳಗೆ ನೆರಳು ಅಂತ ಹೆಸರಿಗೆ, ಬೇಯೋದು ಬೇಯೋದೇ, ಕಡ್ಡಿ ತಗೋ, ಚುಚ್ಚು, ಅದುಮು, ಮುಂದಕ್ಕೆ ಜರುಗು, ಕಡ್ಡಿ ತಗೋ — ಓರೆ ಕೊಯ್ದ ತುದಿ ಬುಡ, ನೇರ ಕೊಯ್ದ ತುದಿ ತಲೆ, ಬುಡ ಮಣ್ಣಿಗೆ ಹೋಗ್ಬೇಕು, ತಲೆ ಮಣ್ಣಿಗೆ ಹೋದ್ರೆ ದಾಳಿಂಬೆ ಎಲ್ಡೆಲೆ ಚಿಗುರಿ ನಂಬಿಸಿ ಆಮೇಲೆ ಒಣಗ್ತೈತೆ, ಯುಗಾದಿಗೆ ಮುಂಚೆ ಒಂದು ಮಡಿ ಪೂರಾ ಹಂಗೇ ಒಣಗ್ತು. ಇದು ಯಾರ ಕೈ ಕೆಲಸ ಅಂತ ಮೇಸ್ತ್ರಿ ತಿಪ್ಪೇಶ ಕೂಗಾಡಿದ, ನಂದೇ ಅಂತ ನನಗೊಬ್ಬಳಿಗೇ ಗೊತ್ತು, ಕಣ್ಣಿಗೆ ಪೊರೆ ಬಂದೈತೆ, ಕಡ್ಡಿ ಅನ್ನೋದು ಕಂದು ಗೆರೆ, ಅದರ ತುದಿ ಎಲ್ಲಿ ಮುಗೀತೈತೆ ಅನ್ನೋದೇ ಕಾಣಲ್ಲ. ಸಿರಿಗೆರೆ ಹತ್ರ ಕಣ್ಣಿನ ಕ್ಯಾಂಪ್ ಐತಂತೆ ಹೋಗಾಣ ನಡಿಯೇ ಅಂತಾನೆ ನಮ್ಮ ಯಜಮಾನ, ಆಪರೇಷನ್ ಆದ್ರೆ ಬಗ್ಗಂಗಿಲ್ಲ ಭಾರ ಎತ್ತಂಗಿಲ್ಲ ಅಂತಾರೆ, ಬಗ್ಗದೇ ಇರೋ ಕೆಲಸ ನನಗೆ ಯಾರು ಇಟ್ಕಂಡವ್ರೆ, ಬಿಟ್ಟ ಜಾಗದಾಗೆ ಮಾರನೇ ದಿನ ಇನ್ನೊಬ್ಬಳು ಕುಂತಿರ್ತಾಳೆ, ಆಮೇಲೆ ಬಿಸಿಲಾಗೆ ಈರುಳ್ಳಿ ಕಳೆ ತೆಗೆಯಾಕೆ ಹೋಗ್ಬೇಕು, ಈ ವಯಸ್ಸಿಗೆ ಆಗಲ್ಲ ನನ್ನ ಕೈಲಿ. ಅದಕ್ಕೇ ಬೆರಳಲ್ಲಿ ಸವರಿ ನೆಡ್ತೀನಿ, ಆ ಒಂದು ಮಡಿ ಬಿಟ್ರೆ ಆಮೇಲೆ ನಾನು ನೆಟ್ಟಿದ್ದೆಲ್ಲಾ ಹಸ್ರಾಗಿ ಬಂದ್ವಲ್ಲ, ಕಾಟಮ್ಮನ ಕೈಗುಣ ಅಂತ ನನ್ನ ಹೊಗಳ್ದ ತಿಪ್ಪೇಶ, ಅವತ್ತಿಂದಲೇ ಇವಳ ಹೊಟ್ಟೆಗೆ ಬೆಂಕಿ ಬಿದ್ದಿದ್ದು, ನನ್ನ ಗಟ್ಟಿ ಕಡ್ಡಿ ಕಿತ್ಕಂಡು ತನ್ನ ಸಣಕಲು ಕಡ್ಡಿ ನನ್ನ ಕವರಿಗೆ ಚುಚ್ತಾ ಅವ್ಳೆ, ಇಲ್ದಿದ್ರೆ ಮಣ್ಣು ಯಾಕೆ ಸಡ್ಲ ಆಗ್ತೈತೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾನೆ ಯಜಮಾನ, ಕಣ್ಣೇ ಇಲ್ದೋಳು ಏನು ಪರಾಂಬರಿಸ್ತಾಳೆ, ಬೆಳಿಗ್ಗೆ ತಿಪ್ಪೇಶನಿಗೆ ಹೇಳಿದೀನಿ, ಊಟದ ಹೊತ್ತಿಗೆ ಬಾರಪ್ಪ ಒಂದು ಮಾತೈತೆ ಅಂತ, ಬರ್ಲಿ, ಹೇಳೇ ಬಿಡ್ತೀನಿ, ಹೋಗ್ಲಿ ಇವಳು ಈರುಳ್ಳಿ ಕಳೆಗೆ.

ಸಾಲು ಮುಗೀತು, ಏಳ್ಬೇಕು, ಏಳಾಕೇ ಆಗ್ತಿಲ್ಲ, ಇವತ್ತು ತಿರುಗಿ ನೋಡೇ ನೋಡ್ತೀನಿ — ಮಂಜು ಮಂಜಾಗಿ ಅವಳ ಕೆಂಪು ಸೀರೆ, ನನ್ನ ಸಾಲಿನ ಮೇಲೆ ಅವಳ ಕೈ, ಎಳೀತು, ತಿರುಗಿಸ್ತು, ಚುಚ್ತು. ಸಿಕ್ಕಿಬಿದ್ದೆ ಬಾರೇ ಅಂತ ಬಾಯಿಗೆ ಬಂದಿತ್ತು, ಆದ್ರೆ ಅವಳ ಇನ್ನೊಂದು ಕೈ ಖಾಲಿ ಐತೆ, ಸಣಕಲು ಕಡ್ಡಿ ಎಲ್ಲೈತೆ, ಕಿತ್ತಿದ್ದೂ ಅದೇ ಚುಚ್ಚಿದ್ದೂ ಅದೇ, ಮತ್ತೆ ಮುಂದಿನ ಕವರಿಗೆ, ಎಳೀತು, ತಿರುಗಿಸ್ತು, ಚುಚ್ತು, ಒಂದೆರಡು ಕವರ್ ಮುಟ್ಟದೇ ಬಿಟ್ಟು ಮತ್ತೆ. ಏನು ಮಾಡ್ತಾ ಅವ್ಳೆ ಇವಳು. ಅವಳ ಕೈ ಇನ್ನೂ ಮುಟ್ಟದ ಕಡೆ, ನಾನು ಈಗಷ್ಟೇ ನೆಟ್ಟ ಕಡ್ಡಿಗೆ ಹೆಬ್ಬೆಟ್ಟು ಇಟ್ಟೆ, ದಡ್ಡುಗಟ್ಟಿದ ಹೆಬ್ಬೆಟ್ಟು, ಮುಳ್ಳು ಚುಚ್ಚಿ ಚುಚ್ಚಿ ಸತ್ತಿರೋ ಹೆಬ್ಬೆಟ್ಟು, ಏನೂ ಹೇಳ್ಲಿಲ್ಲ, ಬಗ್ಗಿ ತುಟಿಗೆ ತಾಗಿಸಿದೆ, ಕಹಿ, ಚೂಪು — ಓರೆ. ಓರೆ ತುದಿ ಮೇಲೈತೆ. ಪಕ್ಕದ್ದು, ಸರಿ ಐತೆ. ಅದರಾಚೆದು, ಓರೆ. ಅದರಾಚೆದೂ ಓರೆ. ನಾನು ತಲೆಕೆಳಗು ನೆಡ್ತಾ ಬಂದೀನಿ, ಇವಳು ಹಿಂದಿಂದೆ ಸರಿ ಮಾಡ್ತಾ ಬಂದವಳೆ, ಯುಗಾದಿಯಿಂದ, ಒಂದು ಮಾತಿಲ್ದೆ, ಗಾಳಿಗೂ ಹೇಳ್ದೆ. ಕಾಟಮ್ಮನ ಕೈಗುಣ ಅಂತೆ, ಥೂ.

ಚಪ್ಪಲಿ ಸದ್ದು, ತಿಪ್ಪೇಶ ಬಂದ, ಏನಮ್ಮ ಕಾಟಮ್ಮ ಏನೋ ಮಾತೈತೆ ಅಂದ್ಯಲ್ಲ ಅಂದ, ನಾನು ಬಾಯಿ ತೆರೆಯೋದ್ರೊಳಗೆ ಅವನ ಕಣ್ಣು ಅವಳ ಸಾಲಿಗೆ ಹೋಯ್ತು, ಏನವ್ವ ಗಂಗಮ್ಮ ಇನ್ನೂ ಅರ್ಧ ಸಾಲು ಖಾಲಿ ಬಿದ್ದೈತೆ, ದಿನಾ ಇದೇ ಆಯ್ತು ನಿಂದು, ವಯಸ್ಸಾದೋಳು ಕಾಟಮ್ಮ ಮುಗಿಸಿ ಕುಂತವ್ಳೆ ನೋಡು, ಸೋಮವಾರದಿಂದ ನೀನು ಬರಬ್ಯಾಡ, ಬೇರೇರಿಗೆ ಹೇಳಿದೀನಿ ಅಂದ. ಅವಳು ಏನಾದ್ರೂ ಅಂತಾಳೆ, ಈಗ ಅಂತಾಳೆ, ನನ್ನ ಕಡೆ ಬೆರಳು ತೋರ್ಸಿ ಇವಳಿಗೆ ಕಣ್ಣು ಕಾಣಲ್ಲ ಅಂತಾಳೆ, ಅನ್ನೇ ಗಂಗಾ, ಅಂದುಬಿಡು, ನನಗೂ ಸಾಕಾಗೈತೆ. ಅವಳು ಸೀರೆ ಸೆರಗಿಗೆ ಕೈ ಒರೆಸ್ಕಂಡ್ಳು, ಅಷ್ಟೇ ಸದ್ದು. ನಾನೂ ಸುಮ್ನೆ ಇದ್ರೆ ಮುಗೀತು, ನನ್ನ ನೆರಳಿನ ಕೆಲಸ ನನಗೆ ಉಳೀತೈತೆ, ಎಷ್ಟು ದಿನ, ಹಿಂದೆ ಅವಳ ಕೈ ಇಲ್ದೆ ಎಷ್ಟು ದಿನ — ಅಲ್ಲ, ಲೆಕ್ಕ ಅದಲ್ಲ, ಸುಳ್ಳು ಯಾಕೆ, ನಾಚಿಕೆ ಆಗ್ತೈತೆ ನನಗೆ, ಸೊಂಟದಿಂದ ನೆತ್ತಿವರೆಗೂ ನಾಚಿಕೆ, ಸುಸ್ತಿನ ಮೇಲೆ ಇದೊಂದು. ಬಕೀಟಿಗೆ ಕೈ ಹಾಕಿದೆ, ಒಂದು ಕಡ್ಡಿ ತೆಗೆದೆ, ನೀರು ಮೊಣಕೈಗೆ ಇಳೀತಾ ಐತೆ, ತಿಪ್ಪೇಶನ ಮುಖದ ಮುಂದೇನೇ ಅವಳ ಕಡೆ ಚಾಚಿದೆ, ಎಷ್ಟು ವರ್ಷದ ಮೇಲೆ ಆ ಹೆಸರು ನನ್ನ ಬಾಯಾಗೆ, ದನಿ ನಂದೇ ಅನ್ನಿಸ್ಲಿಲ್ಲ — ಗಂಗಾ, ನನಗೆ ಕಾಣ್ತಿಲ್ಲ, ಇದರ ಬುಡ ಯಾವ್ದು ಹೇಳು — ತಿಪ್ಪೇಶ ಏನೋ ಅಂದ, ಏನಮ್ಮ ಇದು ಅಂದನೋ ಏನೋ, ಕೇಳ್ಲಿಲ್ಲ, ಕೆಂಪು ಸೀರೆ ಹತ್ರ ಬಂತು, ಮಣ್ಣಾದ ಕೈ ನನ್ನ ಕೈ ಮೇಲೆ ಬಂತು, ಕಡ್ಡಿ ತಗಂತು, ತಿರುಗಿಸ್ತು — ಆ ಕೈ, ತಿರುಗಿಸ್ತು —