ನೆಟ್ಟಗೆ ನಿಂತ ಏಳು ಬಾವುಟ

ಬಿರುಗಾಳಿಗೆ ಅಕ್ಕನ ಹಿತ್ತಲಿನ ದೊಡ್ಡ ಮರ ಉರುಳಿತ್ತು. ಕಾಂಡ ಕೊಯ್ದು ಸಾಗಿಸಿದ್ದಾಗಿತ್ತು. ಬುಡ ಕೀಳಲು ನಾನು ಜೆಸಿಬಿ ತಂದಿದ್ದೆ. ಹಿಂದಿನ ದಿನವೇ ಗ್ಯಾಸ್ ಕಚೇರಿಯವರು ಬಂದು, ನೆಲದಡಿಯ ಪೈಪು ಹೋದ ದಾರಿಯುದ್ದಕ್ಕೂ ಪುಟ್ಟ ಹಳದಿ ಬಾವುಟಗಳನ್ನು ನೆಟ್ಟಿದ್ದರು. ಅವುಗಳ ಹತ್ತಿರ ಜೆಸಿಬಿಯ ಬಕೆಟ್ ತಾಗಿಸಕೂಡದು.

ಬಕೆಟ್ ಎತ್ತಿದವನು ಹಾಗೇ ನಿಲ್ಲಿಸಿದೆ. ಏಳು ಬಾವುಟ, ದಾರ ಹಿಡಿದು ನೆಟ್ಟಷ್ಟು ನೇರ. ಹದಿನೆಂಟು ವರ್ಷದಿಂದ ಮಣ್ಣು ಅಗೆಯುತ್ತಿದ್ದೇನೆ, ಗ್ಯಾಸ್ ಕಚೇರಿಯ ಆ ಅವಸರದ ಜನ ಇಷ್ಟು ಚೆಂದಕ್ಕೆ ನೆಟ್ಟದ್ದು ಕಂಡಿಲ್ಲ. ಅದೂ ಭಾವನ ಗುಲಾಬಿ ಪಾತಿಗೆ ಬೇಲಿ ಹಾಕಿದಂತೆ! ಗುಲಾಬಿಗೆ ಗಾಲಿ ತಾಗಬಾರದು ಎಂದು ಭಾವ ಮೂರು ದಿನದಿಂದ ನನ್ನ ತಲೆ ತಿನ್ನುತ್ತಿದ್ದರು. ಅವರೇ ಬಾವುಟ ಕಿತ್ತು ಇಲ್ಲಿಗೆ ನೆಟ್ಟಿರಬೇಕು ಎಂದು ನನಗೆ ಮೈಯೆಲ್ಲ ಉರಿಯಿತು.

“ಭಾವಾ, ಈ ಬಾವುಟ ಯಾರಾದ್ರೂ ಮುಟ್ಟಿದ್ರಾ?”

“ನಾನ್ಯಾಕೆ ಮುಟ್ಲಿ?”

ಕೇಳಿದ್ದು ಯಾರಾದರೂ ಎಂದು, ಬಂದ ಉತ್ತರ ನಾನ್ಯಾಕೆ ಎಂದು. ಸಿಕ್ಕಿಬಿದ್ದರು ಅಂದುಕೊಂಡೆ. ಕಚೇರಿಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ನಾಲ್ಕು ಹೆಜ್ಜೆ ಆಚೆ ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು.

“ಅಕ್ಕಾ, ಒಲೆ ಆರ್ಸು!”

ನನ್ನ ಮಾತು ಮುಗಿಯುವ ಮೊದಲೇ ಆರಿಸಿ ಬಾಗಿಲಿಗೆ ಬಂದಳು. ಮುಖ ಬಿಳಿಚಿಕೊಂಡಿತ್ತು. ಗಂಡನ ಕರಾಮತ್ತು ಇವಳಿಗೂ ಗೊತ್ತು, ಮುಚ್ಚಿಡುತ್ತಿದ್ದಾಳೆ ಎಂದು ಇನ್ನಷ್ಟು ಸಿಟ್ಟು ಬಂತು.

ಎಂಜಿನ್ ನಿಲ್ಲಿಸಿ ಇಳಿದೆ. ಬಕೆಟ್ಟಿನ ಹಲ್ಲು ಊರಬೇಕೆಂದಿದ್ದ ಜಾಗದಲ್ಲೇ ಮಂಡಿಯೂರಿ, ಸಣ್ಣ ಸಲಿಕೆಯಿಂದ ಮಣ್ಣು ಕೆರೆಯತೊಡಗಿದೆ. ಭಾವ ಗೊಣಗುತ್ತಲೇ ಇದ್ದರು: “ಹೀಗೆ ಕೆರೀತಾ ಕೂತ್ರೆ ಮುಂದಿನ ಬಿರುಗಾಳಿನೇ ಬರುತ್ತೆ.” ಮೊಣಕೈ ಆಳದಲ್ಲಿ ಹಳದಿ ಪೈಪು ಕಂಡಿತು. ಬಾವುಟದ ಸಾಲಿಗೂ ಅದಕ್ಕೂ ಎರಡು ಮಾರು ದೂರ.

“ಗುಲಾಬಿ ಉಳಿಸೋಕೆ ನನ್ನಕ್ಕನ ಮನೇನೇ ಸುಡೋಕೆ ಹೊರಟಿದ್ರಾ?” ಎಂದು ಭಾವನ ಮೇಲೆ ಹರಿಹಾಯ್ದೆ.

ಭಾವ ಬಗ್ಗಿ ಪೈಪನ್ನೂ ಬಾವುಟದ ಸಾಲನ್ನೂ ನೋಡಿದರು.

“ಅವರಲ್ಲ ಕಣೋ, ನಾನು,” ಎಂದಳು ಅಕ್ಕ. “ಬೆಳಿಗ್ಗೆ ಎಲೆ ಕಡ್ಡಿ ಗುಡಿಸ್ತಾ, ಗಾಳಿಗೆ ಹಾರಿ ಬಂದ ಕಸ ಅಂತ ಬಾವುಟನೂ ಕಿತ್ತು ಬುಟ್ಟಿಗೆ ಹಾಕ್ದೆ. ಆಮೇಲೆ ಇವರು, ನಿನ್ನ ತಮ್ಮಂಗೆ ಬಾವುಟ ನೋಡ್ಕೊಂಡು ಅಗಿಯೋಕೆ ಹೇಳು ಅಂದ್ರು. ಜೀವ ಬಾಯಿಗೆ ಬಂತು. ಅಂದಾಜಲ್ಲಿ ಮತ್ತೆ ನೆಟ್ಬಿಟ್ಟೆ.”

“ನಾನು ಬಕೆಟ್ ಎತ್ತಿದಾಗ್ಲೂ ಬಾಯಿ ಬಿಡ್ಲಿಲ್ವಲ್ಲ! ಭಾವ ಬೈತಾರೆ ಅಂತ ಅಷ್ಟು ಹೆದ್ರಿಕೆನಾ?”

“ಅವರೆಲ್ಲಿ ಬೈತಾರೆ?” ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಾನು ಹೆದ್ರಿದ್ದು ನಿಂಗೆ.”

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಭಾವ ಒಳಗಿನಿಂದ ಗುಲಾಬಿ ಪಾತಿಯ ಪುಟ್ಟ ಸಲಿಕೆ ತಂದು, ನನ್ನ ಪಕ್ಕದಲ್ಲಿ ಮಂಡಿಯೂರಿ ಕೂತರು.